ಲಲಿತಾ ಕಾಪಾಡಿದ ಬೂಟು

ಆಗೆಲ್ಲ ಕಳಸದ ಕಡೆ ಗುಡ್ಡ ಹತ್ತುವುದು ಅಂದರೆ ಸೌದೆಗೋ, ತಪ್ಪಿಸಿಕೊಂಡ ದನ ಹುಡುಕುವುದಕ್ಕೋ ಹೋಗುವ ಕೆಲಸ. ಸುಮ್ಮನೆ ಹತ್ತುವುದಕ್ಕಾಗಿಯೇ ಜನ ಪೇಟೆಯಿಂದ ಬರತೊಡಗಿದ್ದು ತೊಂಬತ್ತರ ಈಚೆಗೆ. ಅವರ ಕಾಲಿನ ಬೂಟು ಒಂದೊಂದೂ ಕುಂಬಳಕಾಯಿಯಷ್ಟು ದಪ್ಪ. ನಾನು ಹೇಳುತ್ತಿರುವುದು ನನ್ನ ಬಾಲ್ಯದ್ದಲ್ಲ, ಮಗಳು ಲಲಿತಳದ್ದು. ನನ್ನ ಬಾಲ್ಯದಲ್ಲಿ ಹೇಳುವಂಥದ್ದು ಏನೂ ಇರಲಿಲ್ಲ, ಬೂಟಂತೂ ಇರಲೇ ಇಲ್ಲ.

ಕಾಫಿ ಎಸ್ಟೇಟಿನ ಕೂಲಿಯವರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ನಾನು ಮತ್ತು ಲಲಿತಾ, ಇಬ್ಬರೇ. ಅವಳಪ್ಪ ಆಗಲೇ ತೀರಿಕೊಂಡಿದ್ದ. ಬಾಗಿಲು ತೆಗೆದರೆ ಎದುರಿಗೇ ಗುಡ್ಡ. ಮೈಸೂರಿನ ಒಬ್ಬ ಟೀಚರು ತಮ್ಮ ಶಾಲೆಯ ಹುಡುಗಿಯರನ್ನು ಕರೆತಂದು ಅದನ್ನು ಹತ್ತಿಸುತ್ತಿದ್ದರು. ನಾವು ಅವರನ್ನು ಮೇಡಮ್ಮು ಅನ್ನುತ್ತಿದ್ದೆವು. ಅವರಿಗೆಲ್ಲ ಅಡುಗೆ ಮಾಡಿ ಬಡಿಸುವವಳು ನಾನು. ಒಂದು ಬೇಸಿಗೆಯಲ್ಲಿ ಹೊರಡುವಾಗ ಮೇಡಮ್ಮು ಕಂದು ಚರ್ಮದ ಒಂದು ಜೊತೆ ಬೂಟನ್ನು ಲಲಿತಳ ಕೈಗೆ ಕೊಟ್ಟರು.

"ನನ್ನ ಮಗಳದ್ದು. ದೀಪಾವಳಿ ಆದ್ಮೇಲೆ ಮತ್ತೆ ಬರ್ತೀವಿ. ಆಗ ಇದನ್ನ ಹಾಕ್ಕೊಂಡು ನೀನೂ ನಮ್ಮ ಜೊತೆ ಮೇಲಕ್ಕೆ ಬಾ. ಚೆನ್ನಾಗಿ ಇಟ್ಕೋಬೇಕು, ಆಯ್ತಾ?"

ಹೇಗೆ ಇಟ್ಟುಕೊಳ್ಳಬೇಕು ಅಂತಲೂ ಕಲಿಸಿದರು. ಲೇಸು ಬಿಚ್ಚಿ, ಒಳಗಿನ ಅಟ್ಟೆ ಹೊರಗೆ ತೆಗೆದು, ಕೆಸರು ಒಣಗಿದ ಮೇಲೆ ಬ್ರಷ್ಷಿನಿಂದ ಉಜ್ಜಬೇಕು. ಒದ್ದೆಯಾದರೆ ಪೇಪರು ತುರುಕಿ, ಗಾಳಿಯಾಡುವ ನೆರಳಲ್ಲಿಡಬೇಕು. ಬೆಂಕಿಯ ಹತ್ತಿರ ಮಾತ್ರ ತರಬಾರದು.

ಲಲಿತಾ ಅದನ್ನು ಹಾಕಿ ನೋಡಿದ್ದು ಒಂದೇ ಸಲ, ಮನೆಯೊಳಗೆ, ಚಾಪೆಯ ಮೇಲೆ. ಹೆಬ್ಬೆರಳಿನ ಮುಂದೆ ಇನ್ನೂ ಜಾಗ ಇತ್ತು. ಆಮೇಲೆ ಹಾಕಲೇ ಇಲ್ಲ. ಹೊಸದು ಸಿಕ್ಕಿದರೆ ಎತ್ತಿಡುವುದು ನಮ್ಮ ಲೈನಿನವರೆಲ್ಲರ ಅಭ್ಯಾಸ, ಸೀರೆಯಾಗಲಿ, ಚಾದರವಾಗಲಿ. "ಹಾಕ್ಕೊಂಡು ಶಾಲೆಗೆ ಹೋಗೇ" ಅಂದರೆ, "ಕೆಸರಾಗ್ತದೆ. ಇಂಬಳ ಒಳಗೆ ಹೊಕ್ತದೆ" ಅನ್ನುವಳು. ಬರಿಗಾಲಲ್ಲಿ ಶಾಲೆಗೆ ಹೋಗಿ ಬಂದು, ಕಾಲಿಗೆ ಕಚ್ಚಿ ರಕ್ತ ಹೀರುವ ಇಂಬಳ ಕಿತ್ತು ಬಿಸಾಡಿ, ಕೈ ತೊಳೆದುಕೊಂಡು ಬೂಟು ಒರೆಸಲು ಕೂರುವಳು. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯೆಲ್ಲ ಬೂಟಿಗೆ ಹೋಯಿತು. ಅವಳ ತಲೆ ತೆಂಗಿನ ನಾರಾಯಿತು, ಬೂಟು ಮಿಂಚಿತು.

ಜೀಪು ಓಡಿಸುವ ಇಬ್ರಾಹಿಂ ಸಾಬರ ಮಗಳು ನಸೀಮಾ ಬಾಗಿಲಲ್ಲಿ ನಿಂತು ರೇಗಿಸುತ್ತಿದ್ದಳು. ಲಲಿತಳಿಗಿಂತ ಎರಡು ವರ್ಷ ಚಿಕ್ಕವಳು, ಬಾಯಿ ಮಾತ್ರ ದೊಡ್ಡದು.

"ಲಲ್ತಕ್ಕ, ಅದಕ್ಕೆ ಊಟ ಆಯ್ತಾ?"

"ಆಯ್ತು, ನಿನ್ನ ಪಾಲನ್ನೇ ಉಣ್ಸಿದ್ದು. ದೂರ ನಿಂತ್ಕೊಳೇ, ಕಣ್ಣು ಬೀಳ್ತದೆ."

ಆಷಾಢದಲ್ಲಿ ಬೂಷ್ಟು ಹಿಡಿಯಿತು. ಬೆಳಿಗ್ಗೆ ಒರೆಸಿದರೆ ಸಂಜೆಗೆ ಮತ್ತೆ ಬೆಳ್ಳಗೆ. ಚರ್ಮದ ಮೇಲೆ, ಹೊಲಿಗೆಯ ಸಂದಿಯಲ್ಲಿ, ನಾಲಗೆಯ ಕೆಳಗೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಮನೆಯಿಂದ ಹಳೇ ಪೇಪರು ತಂದು ತುರುಕಿದಳು, ಆ ಪೇಪರೇ ತಣ್ಣಗೆ ಒದ್ದೆ. ಗಾಳಿಯಾಡುವ ನೆರಳು ಅಂದಿದ್ದರು ಮೇಡಮ್ಮು. ಮಳೆಗಾಲದಲ್ಲಿ ನಮ್ಮ ಊರಿಗೆ ಊರೇ ನೆರಳು, ಅದರಲ್ಲಿ ಏನು ಒಣಗೀತು? ಹಾಸಿಗೆ ಒದ್ದೆ, ಬೆಂಕಿಪೊಟ್ಟಣ ಒದ್ದೆ, ಉಪ್ಪು ಕರಗಿ ನೀರು. ಏನಿದ್ದರೂ ನಾವು ಒಣಗಿಸುವುದು ಒಲೆಯ ಮೇಲೆ ತೂಗುಹಾಕಿದ ಬಿದಿರಿನ ತಟ್ಟಿಯಲ್ಲಿ. ಸೌದೆಯೂ ಅಲ್ಲೇ, ಮೀನೂ ಅಲ್ಲೇ, ಶಾಲೆಯ ಲಂಗವೂ ಅಲ್ಲೇ.

"ತಟ್ಟಿ ಮೇಲಿಡು ಮಾರಾಯ್ತಿ" ಅಂದೆ.

"ಬೆಂಕಿ ಹತ್ರ ಬೇಡ ಅಂದಿದಾರೆ."

"ಅವ್ರು ಆಷಾಢದಲ್ಲಿ ಇಲ್ಲಿ ನಾಕು ದಿನ ಇದ್ದು ಆಮೇಲೆ ಹೇಳ್ಲಿ."

ಕೇಳಲಿಲ್ಲ. ಮೈಯ ಬಿಸಿಗಾದರೂ ಒಣಗಲಿ ಅಂತ ಬೂಟನ್ನು ಕಂಬಳಿಯೊಳಗೆ ಅಪ್ಪಿಕೊಂಡು ಮಲಗಿದಳು. ಒಂದು ಬೆಳಿಗ್ಗೆ ಒಳಗಿನ ಅಟ್ಟೆಯೂ ಹಸಿರುಗಟ್ಟಿದ್ದು ಕಂಡು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ತಾನೇ ಮಣೆ ಹತ್ತಿ ತಟ್ಟಿಯ ತುದಿಯಲ್ಲಿ, ಬಿಸಿ ಕಡಿಮೆ ಇರುವ ಕಡೆ, ಇಟ್ಟಳು. ಬೂಷ್ಟು ಹೋಯಿತು. ಬೂಟು ಗಟ್ಟಿಯಾಯಿತು, ಮೀನಿನ ವಾಸನೆ ಹತ್ತಿತು. ವಾಸನೆಗೆ ನಿಂಬೆಹಣ್ಣು ಉಜ್ಜಿದಳು. ಅಂತೂ ಬೂಟು ಉಳಿಯಿತು.

ದೀಪಾವಳಿ ಕಳೆದು ಮೇಡಮ್ಮು ಬಂದರು. ಹತ್ತುವ ದಿನ ಲಲಿತಾ ಎಲ್ಲರಿಗಿಂತ ಮೊದಲು ಎದ್ದು, ತಲೆ ಬಾಚಿ, ಜಗಲಿಯಲ್ಲಿ ಕೂತು ಬೂಟಿಗೆ ಕಾಲು ಹಾಕಿದಳು. ಹೋಗಲಿಲ್ಲ. ಹಿಮ್ಮಡಿ ಹೊರಗೇ ನಿಂತಿತು. ಲೇಸು ಪೂರ್ತಿ ಕಿತ್ತೆವು. ಹಿಮ್ಮಡಿಗೆ ಸೋಪು ಸವರಿದೆವು. ನಾನು ತಳ್ಳಿದೆ, ಅವಳು ಗೋಡೆಗೆ ಒದ್ದಳು. ಒಲೆಯ ಬಿಸಿಗೆ ಚರ್ಮ ಸೆಟೆದು ಕುಗ್ಗಿತ್ತೋ, ಮಳೆಗಾಲದಲ್ಲಿ ಹುಡುಗಿಯ ಕಾಲು ಬೆಳೆದಿತ್ತೋ, ಯಾರಿಗೆ ಗೊತ್ತು. ಎರಡೂ ಇರಬಹುದು. ಬೂಟು ನೋಡಿಕೊಳ್ಳುವ ಗಡಿಬಿಡಿಯಲ್ಲಿ ಕಾಲನ್ನು ಯಾರೂ ನೋಡಿರಲಿಲ್ಲ.

"ಬರಿಗಾಲಲ್ಲೇ ಬರ್ತಾಳೆ ಮೇಡಮ್ಮಾ. ಅವ್ಳಿಗೆ ಅಭ್ಯಾಸ" ಅಂದೆ.

"ಇಲ್ಲಮ್ಮ. ಹೋದ ಸಲ ಒಬ್ಬಳ ಕಾಲು ಕಲ್ಲಿಗೆ ಸೀಳಿ, ಹೊತ್ಕೊಂಡು ಇಳಿಸಿದ್ವಿ. ಬೂಟಿಲ್ದೆ ಯಾರನ್ನೂ ಹತ್ತಿಸಬೇಡಿ ಅಂತ ಶಾಲೆಯಲ್ಲಿ ಹೇಳಿ ಕಳಿಸಿದ್ದಾರೆ. ನಾನೇನು ಮಾಡ್ಲಿ?"

ಅವರ ಮುಖವೂ ಸಣ್ಣದಾಗಿತ್ತು. ಕೆಟ್ಟ ಹೆಂಗಸಲ್ಲ. ಬೇರೆ ಬೂಟು ಕೊಳ್ಳೋಣ ಅಂದರೆ ಅಂಥ ಅಂಗಡಿ ಕಳಸದಲ್ಲಿರಲಿಲ್ಲ.

ನಸೀಮಾ ಅಪ್ಪನ ಜೀಪಿನ ಪಕ್ಕ ನಿಂತಿದ್ದಳು. ಮೇಡಮ್ಮು ಅವಳ ಕಾಲು ನೋಡಿದರು, ಬೂಟು ನೋಡಿದರು. ಲಲಿತಳೇ ಹೇಳಿದಳು: "ನಸೀಮಂಗೆ ಆಗ್ತದೆ."

"ನಂಗ್ಯಾಕೆ? ಬೇಡ ಲಲ್ತಕ್ಕ."

"ಕೂತ್ಕೋ. ಕಾಲು ಕೊಡು."

ನನ್ನ ಮಗಳು ನೆಲಕ್ಕೆ ಕೂತು, ಅವಳ ಕಾಲಿಗೆ ಬೂಟು ತೊಡಿಸಿ, ಲೇಸು ಪೋಣಿಸಿ ಬಿಗಿದು ಕಟ್ಟಿದಳು. ಹೆತ್ತವಳು ನಾನು ಸೋಪು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ. ನಸೀಮಳನ್ನೂ ಹತ್ತಿಸಿಕೊಂಡು ಜೀಪು ಗುಡ್ಡದ ಬುಡಕ್ಕೆ ಹೋಯಿತು.

ಸಂಜೆ ನಸೀಮಾ ಬೂಟು ಬಿಚ್ಚಿ ನಮ್ಮ ಜಗಲಿಯಲ್ಲಿಟ್ಟು, ಓಡಿದಳು. ಬೂಟಿನ ಕುತ್ತಿಗೆವರೆಗೂ ಕೆಸರು.

"ಬಿಸಾಡು ಅತ್ಲಾಗೆ" ಅಂದೆ.

"ಒಣಗ್ಲಿ, ಉಜ್ತೀನಿ" ಅಂದಳು.

ಮಾರನೆಯ ದಿನ ಉಜ್ಜಿ, ಎಣ್ಣೆ ಹಚ್ಚಿ, ನಸೀಮಳ ಮನೆಗೆ ಕೊಟ್ಟು ಬಂದಳು. ನಾನು ಬೈದೆ. "ಆಗ್ಲಿ ಬಿಡವ್ವ" ಅಂದಳು.

ಈಗ ಆ ಲೈನು ಇಲ್ಲ. ಗುಡ್ಡ ಹತ್ತಲು ಚೀಟಿ ಮಾಡಿಸಬೇಕು. ನಾನು ಅದಕ್ಕೆಲ್ಲ ಅಳುವವಳಲ್ಲ. ಆದರೆ ಆವತ್ತಿನವರೆಗೆ ನನ್ನ ಮಗಳು ಬೇಕು ಅಂದರೆ ಬೇಕೇ. ಬಳೆಗೆ, ಬೆಂಡು ಬತ್ತಾಸಿಗೆ ರಸ್ತೆಯಲ್ಲೇ ಬಿದ್ದು ಹೊರಳಾಡಿ ನನ್ನ ಜೀವ ತಿನ್ನುತ್ತಿದ್ದಳು. ಆಮೇಲೆ ಒಂದು ದಿನವೂ ಹಟ ಮಾಡಲಿಲ್ಲ. ಏಳನೆಯ ಕ್ಲಾಸಿಗೆ ಶಾಲೆ ಬಿಡಿಸಿದಾಗ ಆಗ್ಲಿ ಬಿಡವ್ವ ಅಂದಳು. ಕೊಟ್ಟಿಗೆಹಾರದಿಂದ ಗಂಡು ಬಂದಾಗ, ಅವನನ್ನು ಒಂದು ಸಲ ಸರಿಯಾಗಿ ನೋಡೇ, ಬೇಡ ಅಂದ್ರೆ ಬೇಡ ಅನ್ನು ಅಂದೆ. ಆಗಲೂ ತಲೆ ಎತ್ತದೆ ಆಗ್ಲಿ ಬಿಡವ್ವ ಅಂದಳು. ನಾನೂ ಕೇಳುವುದನ್ನು ಬಿಟ್ಟೆ.