ಗಾಳಿಕಿಂಡಿಗೆ ನಾನು ಅಂಟಿಸಿದ ರಟ್ಟು

ಭಾನುವಾರ ಸಂಜೆ ನಾಲ್ಕು ಗಂಟೆ ನಲವತ್ತು ನಿಮಿಷ. ಅಕ್ಕ ಎರಡೂ ಕಿವಿಯ ಶ್ರವಣಯಂತ್ರ ತೆಗೆದು ಫ್ರಿಡ್ಜಿನ ಮೇಲಿನ ಡಬ್ಬಿಯಲ್ಲಿಟ್ಟಳು. ಬಾತ್‌ರೂಮಿನ ಬಾಗಿಲ ಹೊರ ಹಿಡಿಗೆ ಹಳದಿ ಬೈರಾಸು ನೇತುಹಾಕಿ, ಮೈ ಒರೆಸುವ ಬೈರಾಸನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಹೋಗಿ ಬೋಲ್ಟ್ ಎಳೆದಳು. ನಾನು ಗಡಿಯಾರ ನೋಡಿದ್ದು ಕಾಲೇಜಿನ ಉತ್ತರ ಪತ್ರಿಕೆ ತಿದ್ದಿ ಮುಗಿಸಲು ಇನ್ನೆಷ್ಟು ಹೊತ್ತು ಬೇಕು ಎಂದು. ಆ ಹೊತ್ತು ಈಗ ಬೇಡವೆಂದರೂ ನೆನಪಿನಿಂದ ಹೋಗುವುದಿಲ್ಲ.

ಪುತ್ತೂರಿನ ಈ ಬಾಡಿಗೆ ಮನೆಯ ಮಹಡಿಯಲ್ಲಿ ನಾವಿಬ್ಬರೇ ಇರುವುದು. ಯಂತ್ರ ತೆಗೆದರೆ ಅಕ್ಕನಿಗೆ ಏನೂ ಕೇಳಿಸುವುದಿಲ್ಲ. ಹಿಂದೊಮ್ಮೆ ಜಾಲ್ಸೂರಿನಿಂದ ಬಂದ ನೆಂಟರೊಬ್ಬರು ಅವಳು ಒಳಗಿದ್ದಾಗ ಬಾತ್‌ರೂಮಿನ ಬಾಗಿಲು ತಟ್ಟಿ, ಉತ್ತರ ಬಾರದಾಗ ಖಾಲಿ ಎಂದುಕೊಂಡು ದೂಡಿದ್ದರು. ಸಡಿಲ ಚಿಲಕ ಕಿತ್ತುಬಂದಿತ್ತು. ಆಮೇಲೆ ಅಕ್ಕ ತುಂಬ ದಿನ ಮನೆಯಲ್ಲಿ ಯಾರೂ ಇಲ್ಲದಾಗ ಮಾತ್ರ ಸ್ನಾನ ಮಾಡುತ್ತಿದ್ದಳು. ಅದಕ್ಕೇ ಬೈರಾಸಿನ ನಿಯಮ ಬಂತು: ಅದು ಹೊರಗೆ ನೇತಾಡುತ್ತಿದ್ದರೆ ಯಾರೂ ಬಾಗಿಲ ಹತ್ತಿರ ಹೋಗಬಾರದು.

ಗಟ್ಟಿ ಬೋಲ್ಟ್ ಹಾಕಿಸಿದ್ದು ನಾನು. ಗಾಳಿಕಿಂಡಿ ಇದ್ದದ್ದು ಪಕ್ಕದ ಮನೆಯ ಮೆಟ್ಟಿಲಿನ ಕಡೆಗೆ. "ಯಾರಾದರೂ ಹತ್ತುವ ಸದ್ದು ನಿನಗೆ ಕೇಳ್ತದೆ, ನನಗೆ ಕೇಳುದಿಲ್ಲ" ಎಂದು ಅವಳು ಹೇಳಿದ ದಿನ, ಮಿಕ್ಸಿಯ ಪೆಟ್ಟಿಗೆಯ ರಟ್ಟು ಕತ್ತರಿಸಿ, ಸುತ್ತ ಟೇಪು ಒತ್ತಿ ಅಂಟಿಸಿದ್ದೂ ನಾನೇ. ಒಳಗೆ ಗ್ಯಾಸ್ ಗೀಸರ್ ಉರಿಯುತ್ತಿತ್ತು. ಮುಚ್ಚಿದ ಕೋಣೆಯಲ್ಲಿ ಉರಿಯುವ ಬೆಂಕಿ ಏನು ಮಾಡುತ್ತದೆ ಎಂದು ತರಗತಿಯಲ್ಲಿ ಪಾಠ ಮಾಡುವವಳು ನಾನು.

ಆ ಸಂಜೆ ಮೂರು ಸಲ ಬಾತ್‌ರೂಮಿನ ಬಾಗಿಲ ಮುಂದೆ ಹಾದುಹೋದೆ. ಒಣಗಿದ ಬಟ್ಟೆ ತರಲು ಒಮ್ಮೆ, ಚಹಾಕ್ಕೆ ಇಡಲು ಇನ್ನೊಮ್ಮೆ. ನೀರು ಬೀಳುವ ಸದ್ದಿತ್ತು, ಬೈರಾಸು ಇತ್ತು. ಮೂರನೆಯ ಸಲ ಹೋಗುವಾಗ ಬಾಗಿಲ ಕೆಳಗಿಂದ ನೀರು ಹೊರಗೆ ಬರುತ್ತಿತ್ತು.

ನಾನು ತಟ್ಟಿದೆ. ಆಮೇಲೆ ಗುದ್ದಿದೆ. ಅಕ್ಕಾ, ಅಕ್ಕಾ ಎಂದು ಕರೆದೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಕೆಳಗಿನ ಮನೆಯಾಕೆ ಮೆಟ್ಟಿಲು ಹತ್ತಿ ಬಂದು ನನ್ನ ಕೈ ಹಿಡಿದರು.

"ಎಂತ ಮಾರಾಯ್ತಿ, ಯಾರನ್ನು ಕರೆಯುದು ನೀನು? ಅವಳಿಗೆ ಕೇಳುದುಂಟಾ?"

ಅವರೇ ಅಡುಗೆಮನೆಯಿಂದ ಕತ್ತಿ ತಂದು ಫೈಬರ್ ಬಾಗಿಲಿನ ಬಿಜಾಗರಿಯ ಸಂದಿಗೆ ತುರುಕಿದರು. ಇಬ್ಬರೂ ಸೇರಿ ಒದ್ದೆವು. ಅಕ್ಕ ಗೋಡೆಗೆ ಒರಗಿ ಕುಳಿತಿದ್ದಳು, ಕುತ್ತಿಗೆ ಒಂದು ಬದಿಗೆ ಬಿದ್ದಿತ್ತು. ಬಕೆಟ್ ತುಂಬಿ ಅವಳ ಕಾಲಮೇಲೆ ಹರಿಯುತ್ತಿತ್ತು. ಕೆಳಗಿನ ಮನೆಯಾಕೆ ಮೊದಲು ಗೀಸರ್ ಆರಿಸಿದರು, ಆಮೇಲೆ ಹಳದಿ ಬೈರಾಸನ್ನೂ ತಮ್ಮ ಶಾಲನ್ನೂ ಅಕ್ಕನಿಗೆ ಸುತ್ತಿದರು. ಎಳೆದು ಹೊರಗೆ ತಂದೆವು. ಹಜಾರದ ಗಾಳಿಯಲ್ಲಿ ಅವಳು ಒಮ್ಮೆ ಉಸಿರೆಳೆದದ್ದನ್ನು ನಾನು ಕಣ್ಣಿಂದ ನೋಡಿದೆ, ಕಿವಿಯಲ್ಲಿ ಕೇಳಿದೆ, ಆದರೂ ನಂಬಲಿಲ್ಲ.

ಆಸ್ಪತ್ರೆಯಲ್ಲಿ ಅಕ್ಕ ಕಣ್ಣು ಬಿಟ್ಟಾಗ ನರ್ಸ್ ಮಾಸ್ಕ್ ಹಾಕಿಕೊಂಡೇ ಏನೋ ಕೇಳುತ್ತಿದ್ದರು. ತುಟಿ ಕಾಣದೆ ಅವಳು ಹೆದರಿದಳು. ಡಬ್ಬಿ ಫ್ರಿಡ್ಜಿನ ಮೇಲೆಯೇ ಉಳಿದಿತ್ತು. ನಾನು ಮುಖ ಮುಂದೆ ತಂದೆ. ಅವಳು ಕೇಳಿದ್ದು ಒಂದೇ.

"ಯಾರೆಲ್ಲ ನೋಡಿದರು?"

"ನಾನು, ಕೆಳಗಿನವರು. ಆಟೋದವರಿಗೆ ಬೈರಾಸು, ಶಾಲು ಮಾತ್ರ ಕಂಡದ್ದು."

ಅವಳು ಗೋಡೆಯ ಕಡೆಗೆ ತಿರುಗಿ ಮಲಗಿದಳು.

ಮನೆಗೆ ಬಂದಮೇಲೆ ಗೀಸರನ್ನು ಹೊರಗೆ ಬಾಲ್ಕನಿಗೆ ಸಾಗಿಸಿ, ಪೈಪಿನಲ್ಲಿ ಬಿಸಿನೀರು ಮಾತ್ರ ಒಳಗೆ ಬರುವಂತೆ ಮಾಡಿಸಿದೆವು. ರಟ್ಟು ಕಿತ್ತೆ. ಅಲ್ಲಿ ಓರೆಯಾಗಿ ಜೋಡಿಸಿದ ಮಸುಕು ಗಾಜಿನ ಪಟ್ಟಿಗಳು ಬಂದವು. ಗಾಳಿ ಹೋಗುತ್ತದೆ, ನೋಟ ಹೋಗುವುದಿಲ್ಲ. ಬಾಗಿಲಿಗೆ ಹೊರಗಿಂದ ನಾಣ್ಯ ತಿರುಗಿಸಿದರೆ ತೆರೆಯುವ ಚಿಲಕ ಹಾಕಿಸಿದೆ. ಆದರೂ ಬಾಗಿಲು ಅರ್ಧ ತೆರೆದೇ ಇರಲಿ, ನಾನು ಹೊರಗೆ ಕೂರುತ್ತೇನೆ ಎಂದೆ. ಹಲವು ದಿನ ಹಾಗೇ ಕೂತೆ, ಬೆನ್ನು ಮಾಡಿ.

"ನಾನು ಸ್ನಾನ ಮಾಡುದಾ, ಪರೀಕ್ಷೆ ಬರೆಯುದಾ?" ಎಂದು ಕೊನೆಗೆ ಕೇಳಿದಳು. "ಆ ವಿಷಗಾಳಿಯಲ್ಲಿ ಸಾಯುದು ಒಂದೇ ಸಲ. ಇದು ದಿನಾ."

ದಾರಿ ಹುಡುಕಿದ್ದು ಅವಳೇ. ಬಾತ್‌ರೂಮಿನ ಲೈಟಿನ ಸ್ವಿಚ್ ಹೊರಗಿನ ಗೋಡೆಯಲ್ಲಿತ್ತು. ನಾನು ಎರಡು ಸಲ ಲೈಟು ಮಿಣುಕಿಸಬೇಕು, ಅವಳು ಚೆಂಬಿನಿಂದ ಬಕೆಟಿಗೆ ಎರಡು ಸಲ ಬಡಿಯಬೇಕು. ಹೀಗೆ ಮೂರು ಬಾರಿ ಮಾಡಿಯೂ ಉತ್ತರ ಇಲ್ಲದಿದ್ದರೆ ಮಾತ್ರ ನಾಣ್ಯ. ಕರೆಂಟ್ ಹೋದರೆ ಬಾಗಿಲ ಕೆಳಗಿಂದ ಟಾರ್ಚ್. ಹತ್ತು ನಿಮಿಷಕ್ಕೊಮ್ಮೆ ಸಾಕು ಎಂದಳು. ನಾನು ನಿಮಿಷಕ್ಕೊಮ್ಮೆ ಸ್ವಿಚ್ ಒತ್ತಿದೆ. ಒಳಗಿಂದ ಸ್ವರ ಬಂತು: "ಇದೆಂತ, ಮದುವೆ ಮನೆಯ ಲೈಟಾ?"

ರಾತ್ರಿಗಳು ಮಾತ್ರ ಹಾಗೇ ಇದ್ದವು. ನೀರು ಬೀಳುವ ಸದ್ದು ಕೇಳಿ ಏಳುತ್ತಿದ್ದೆ. ನಲ್ಲಿಗಳೆಲ್ಲ ಮುಚ್ಚಿರುತ್ತಿದ್ದವು. ಹೋಗಿ ಅಕ್ಕನ ಮೂಗಿನ ಹತ್ತಿರ ಕೈ ಹಿಡಿಯುತ್ತಿದ್ದೆ. ಅವಳಿಗೆ ಎಚ್ಚರವಾಗುತ್ತಿತ್ತು. ನನ್ನ ಅಂಗೈಗೆ ಜೋರಾಗಿ ಉಸಿರು ಬಿಡುತ್ತಿದ್ದಳು.

ಇನ್ನೊಂದು ಭಾನುವಾರ ಸಂಜೆ ಹಳದಿ ಬೈರಾಸು ನೇತುಹಾಕಿ ಅವಳು ಚಿಲಕ ಹಾಕಿಕೊಂಡಳು. ನಾನು ಹತ್ತು ನಿಮಿಷ ಕಾದೆ. ಲೈಟು ಮಿಣುಕಿಸಿದೆ. ಬಕೆಟ್ ಎರಡು ಸಲ ಸದ್ದು ಮಾಡಿತು. ಹೋಗಿ ಪತ್ರಿಕೆಗಳ ಮುಂದೆ ಕುಳಿತೆ. ಪತ್ರಿಕೆಯಿಂದ ತಲೆ ಎತ್ತಿದಾಗ ಅಕ್ಕ ಕಿಟಕಿಯ ಬಳಿ ನಿಂತು ಕೂದಲು ಒಣಗಿಸುತ್ತಿದ್ದಳು.

ಮರುದಿನ ಬೆಳಿಗ್ಗೆ ಅವಳು ಡಬ್ಬಿಯಿಂದ ಯಂತ್ರ ತೆಗೆದು ಕಿವಿಗೆ ಹಾಕಿಕೊಳ್ಳುವವರೆಗೆ ಕಾದು ಹೇಳಿದೆ, "ನಿನ್ನೆ ರಾತ್ರಿ ನಾನು ಬರಲಿಲ್ಲ."

"ಹೌದಾ?" ಎಂದಳು. "ನನಗೂ ಎಚ್ಚರ ಆಗಲಿಲ್ಲ."