ಕತ್ತರಿ ಮುಟ್ಟದ ಬಾಲ

ಆಳಂದದಲ್ಲಿ ಮೋಟಾರು ಹತ್ತುವಾಗ ನನ್ನ ಬಗಲಲ್ಲಿ ರಾಣಿ, ಕೈಯಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಅವಳ ಮರಿ. ನಾಯಿಗೂ ಟಿಕೀಟು ಬೇಕೆಂದ ಏಜೆಂಟ. ಹಾಲಿ ಸಿಕ್ಕಾ ರೂಪಾಯಿಯಲ್ಲಿ ಪೂರಾ ಬಾಡಿಗೆ ಕೊಟ್ಟು ರಾಣಿಯನ್ನು ಗಾದಿಯ ಮೇಲೆಯೇ ಕೂರಿಸಿದೆ. ಜಾಗವಿಲ್ಲದೆ ನಿಂತಿದ್ದ ಸಾವಕಾರರೊಬ್ಬರು ದುರುಗುಟ್ಟಿ ನೋಡಿದರು. "ಆಕೀ ಬಾಡಿಗಿ ಕೊಟ್ಟಾಳ್ರಿ, ಕುಂದರ್ತಾಳ" ಎಂದೆ.

ರಾಣಿ ಡ್ಯಾಕ್ಸ್‌ಹಂಡ್ ತಳಿಯವಳು. ಬಿಲದೊಳಗೆ ನುಗ್ಗಿ ಬೇಟೆಯಾಡಲೆಂದು ಜರ್ಮನಿಯಲ್ಲಿ ಬೆಳೆಸಿದ ಜಾತಿ. ಅದಕ್ಕೇ ಗಿಡ್ಡ ಕಾಲು, ಉದ್ದ ಬೆನ್ನು. ಕಲಬುರಗಿಯ ರೈಲ್ವೆ ಡಾಕ್ಟರರ ಹೆಂಡತಿ ಊರು ಬಿಡುವಾಗ ನನಗೆ ಕೊಟ್ಟುಹೋಗಿದ್ದರು. ಈ ತಳಿಯಲ್ಲಿ ನುಣುಪು ಕೂದಲು, ಉದ್ದ ಕೂದಲು, ಒರಟು ಕೂದಲು ಎಂದು ಮೂರು ಬಗೆ. ನುಣುಪು ಮೈಯ ಜೋಡಿಗೂ ಒಮ್ಮೊಮ್ಮೆ ಅಜ್ಜಿಯ ಉದ್ದ ಕೂದಲು ಹೊತ್ತ ಮರಿ ಹುಟ್ಟುತ್ತದೆ ಎಂದೂ ಅವರೇ ಹೇಳಿದ್ದರು.

ಜಗಳ ಶುರುವಾದದ್ದು ಆ ಕೂದಲಿನಿಂದಲೇ. ಜೇವರ್ಗಿಯ ವಕೀಲರ ಗಂಡುನಾಯಿಗೆ ರಾಣಿಯನ್ನು ಜೋಡಿ ಮಾಡಿಸಿದ್ದೆ. ಮೊದಲ ಮರಿ ಗಂಡಿನ ಮನೆಗೆ ಎಂಬುದು ನಮ್ಮ ಕಡೆ ಬೇಟೆನಾಯಿ ಸಾಕುವವರ ರಿವಾಜು. ಹುಟ್ಟಿದ್ದೇ ಒಂದು. ತಂದೆ ತಾಯಿ ಇಬ್ಬರದೂ ನುಣುಪು ಮೈ, ಮರಿಯ ಕಿವಿ ಬಾಲಗಳಲ್ಲಿ ಮಾತ್ರ ಉದ್ದನೆಯ ನವಿರು ಕೂದಲು ಇಳಿಯಿತು. ಒಯ್ಯಲು ಬಂದ ಆಳು ನೋಡಿ ಬರಿಗೈಯಲ್ಲಿ ಹೋದ. ಆಮೇಲೆ ಬಜಾರಿನ ಮಂದಿಯ ಕೈಲಿ ವಕೀಲರು ಹೇಳಿಕಳಿಸಿದ್ದು: "ಅದು ಬೀದಿನಾಯೀದು. ಬಿಸಾಡು ಅನ್ರಿ." ಆಳಂದದ ಬಾಯಿಗಳು ಅದಕ್ಕೆ ಇನ್ನಷ್ಟು ಸೇರಿಸಿದವು. ನಾನು ಹೆಣ್ಣುಮಕ್ಕಳ ಶಾಲೆಯ ಅಕ್ಕೋರು, ಒಬ್ಬಳೇ ಇರುವ ಹೆಂಗಸು. ಇಂಥವಳ ನಾಯಿ ಇನ್ನು ಹೇಗಿದ್ದೀತು ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಮರಿಯನ್ನು ಬಿಸಾಡುವುದಿಲ್ಲ, ಆ ಮಾತನ್ನು ವಕೀಲರ ಬಾಯಿಂದಲೇ ವಾಪಸು ತೆಗೆಸುತ್ತೇನೆ ಎಂದು ಜೇವರ್ಗಿಗೆ ಹೊರಟಿದ್ದೆ.

ಅಫಜಲಪುರ ತಲುಪಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು ಚಕ್ಕಡಿ ಹಿಡಿದೆ. ಈ ನಾಯಿಗಳನ್ನು ಎತ್ತರದಿಂದ ಜಿಗಿಯಲು ಬಿಟ್ಟರೆ ಬೆನ್ನು ಕೆಡುತ್ತದೆ. ಎದೆಗೊಂದು, ಹಿಂಭಾಗಕ್ಕೊಂದು ಕೈ ಕೊಟ್ಟು ಇಳಿಸಬೇಕು. ಭೀಮಾ ದಂಡೆಯಲ್ಲಿ ಹಾಗೆ ಇಳಿಸುವುದನ್ನು ಕಂಡು ಅಂಬಿಗ ನಕ್ಕ.

"ಬಾಣಂತೀನ ಇಳಿಸಿದಂಗ ಇಳಿಸಾಕತ್ತೀರಲ್ರಿ!"

"ಬಾಣಂತೀನೇ ಹೌದೋ ಯಪ್ಪಾ. ದೋಣಿ ಸಾವಕಾಶ ಬಿಡು."

ಹೊತ್ತು ಇಳಿಯುವಷ್ಟರಲ್ಲಿ ನೆಲೋಗಿ ಬಂತು. ಅಲ್ಲಿ ವಕೀಲರ ಅಕ್ಕ ಶಿವಮ್ಮನವರ ಮನೆ. ವಕೀಲರ ಗಂಡುನಾಯಿ ಹುಟ್ಟಿದ್ದು ಆ ಮನೆಯಲ್ಲೇ, ಅದರ ತಾಯಿಯನ್ನು ನೋಡಲೆಂದೇ ಅಲ್ಲಿಗೆ ಬಂದಿದ್ದೆ. ಅಂಗಳದಲ್ಲಿ ಕುರಿಗಳ ಉಣ್ಣೆ ಕತ್ತರಿಸುತ್ತಿದ್ದರು. ಕುರಿಗಳ ನಡುವೆ ಆ ತಾಯಿ, ಗಿಡ್ಡ ಕಾಲಿನ ಮುದಿನಾಯಿ, ಮೈಯೆಲ್ಲ ಬೋಳಾಗಿ ಮಲಗಿತ್ತು. ಬಾಲ ಮಾತ್ರ ಬೀಸಣಿಗೆಯ ಹಾಗಿತ್ತು. ನಾನು ಅಲ್ಲೇ ಕೂತು ಆ ಬಾಲ ಹಿಡಿದುಕೊಂಡೆ.

"ಇದರ ಮೈಕೂದಲಾ ಎಲ್ಲಿ ಹೋತ್ರಿ?" ಎಂದು ಶಿವಮ್ಮನವರನ್ನು ಕೇಳಿದೆ.

"ಕುರಿ ಜೋಡೀನೇ ಕತ್ತರಸ್ತೇವ್ರಿ ಅಕ್ಕೋರ. ಮುಳ್ಳು ಹತ್ಕೋತಾವ, ಯಾರು ಹೆಕ್ಕಬೇಕು? ಕುರೀ ಬಾಲ ಮುಟ್ಟಂಗಿಲ್ಲ, ಇದರದೂ ಹಂಗೇ ಬಿಡ್ತಾರ."

"ನಿಮ್ಮ ತಮ್ಮ ಇದರ ಕೂದಲಾ ನೋಡೇ ಇಲ್ಲೇನ್ರಿ?"

"ಎಲ್ಲಿ ನೋಡಬೇಕ್ರಿ? ಕತ್ತರಿಸಿದ ಮ್ಯಾಲ ಉಣ್ಣಿ ಮಾರೋ ಹೊತ್ತಿಗೆ ಬರ್ತಾನ, ನಾಯೀ ಕಡೆ ತಿರುಗೂ ನೋಡಂಗಿಲ್ಲ, ತನ್ನ ಪಾಲು ತಗೊಂಡು ಹೋಗ್ತಾನ."

ಬುಟ್ಟಿಯಿಂದ ಮರಿಯನ್ನು ತೆಗೆದು ಅವರ ಉಡಿಯಲ್ಲಿಟ್ಟು, ನಡೆದದ್ದೆಲ್ಲ ಹೇಳಿದೆ. ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಅಜ್ಜೀ ಬಾಲಾನೇ ತಂದೈತಲ್ಲ ಇದು! ನಾನೂ ಬರ್ತೇನಿ ನಡೀರಿ."

ಮರುದಿನ ಜೇವರ್ಗಿಯಲ್ಲಿ ವಕೀಲರ ಕಟ್ಟೆಯ ತುಂಬ ಕಕ್ಷಿದಾರರಿದ್ದರು, ಆಳಂದದವರೂ ಇಬ್ಬರು. ಶಿವಮ್ಮನವರು ಮುದಿನಾಯಿಯನ್ನೂ ಮರಿಯನ್ನೂ ತಮ್ಮನ ಮುಂದೆ ಜೋಡಿಸಿ ನಿಲ್ಲಿಸಿ, "ನೋಡೋ ತಮ್ಮಾ, ಇದು ಅಜ್ಜಿ, ಇದು ಮೊಮ್ಮಗ" ಎಂದರು. ವಕೀಲರು ಒಂದು ಬಾಲ ನೋಡಿದರು, ಇನ್ನೊಂದು ಬಾಲ ನೋಡಿದರು.

"ಒಳಗ ಬರ್ರಿ ಅಕ್ಕೋರ, ಮಾತಾಡೂಣು."

"ಮಂದಿ ಬಾಯಾಗ ಹಾಕಿದ ಮಾತ್ರಿ. ಮಂದಿ ಮುಂದನೇ ತಗೋರಿ."

ಅವರು ರುಮಾಲು ಸರಿಪಡಿಸಿಕೊಂಡರು. "ಮರಿ ನಮ್ಮ ನಾಯೀದೇ. ನನ್ನ ಮಾತು ತಪ್ಪಾತ್ರಿ." ಹಾಗೆನ್ನುತ್ತಲೇ ಕೈ ಮರಿಯತ್ತ ಬಂತು. "ಅಂದಮ್ಯಾಲ ಮೊದಲನೇ ಮರಿ ನಮ್ಮ ಹಕ್ಕಲ್ರಿ?"

"ಬಿಸಾಡು ಅಂದಿದ್ರಲ್ರಿ? ನೀವು ಬಿಸಾಡಿದ್ದನ್ನ ನಾ ಎತ್ತಿಕೊಂಡೇನಿ." ಮರಿಯನ್ನು ಬುಟ್ಟಿಯಲ್ಲಿಟ್ಟು, ಬುಟ್ಟಿಯನ್ನು ಬಗಲಿಗೆ ಏರಿಸಿ ಕಟ್ಟೆ ಇಳಿದೆ.

ಆಳಂದಕ್ಕೆ ಮರಳಿದಾಗ ಮರುದಿನದ ಸಂಜೆ. ಹಿಂದಿನ ಓಣಿಯಿಂದ ಹೋದರೆ ನನ್ನ ಮನೆ ಹತ್ತಿರ. ನಾನು ಬಜಾರಿನ ನಡುವೆಯೇ ನಡೆದೆ. ಮುಂದೆ ರಾಣಿ, ಹಿಂದೆ ಬಾಲ ಎತ್ತಿಕೊಂಡು ಮರಿ. ಆ ಬಾಲವನ್ನು ಎಲ್ಲರೂ ಕಣ್ತುಂಬ ನೋಡಲಿ ಎಂದು ಒಂದೊಂದು ಅಂಗಡಿಯ ಮುಂದೂ ನಿಂತು ಹೋದೆ.