ಒಂಟಿ ನರಿ

ನಮ್ಮ ಬಂದರಿನ ಇನಾರಿ ದೇವರ ಗುಡಿಯನ್ನು ನೋಡಿಕೊಳ್ಳುವ ತೊಮೆ ಅಜ್ಜಿಗೆ ಬಾಯಿ ಸ್ವಲ್ಪ ಜಾಸ್ತಿ. ದೇವರ ದೂತರಾದ ಕಲ್ಲಿನ ನರಿಗಳ ಮುಂದಿಟ್ಟ ಕರಿದ ತೋಫುವಿಗೆ ಕಾಗೆ ಬಂದರೆ ಪೊರಕೆ ಹಿಡಿದು ಓಡಿಸುತ್ತಾಳೆ, ಆಮೇಲೆ ತಾನೇ ತಿನ್ನುತ್ತಾಳೆ. ಕೇಳಿದರೆ, ನರಿಗೆ ಹೊಟ್ಟೆ ತುಂಬಿತಂತೆ ಎನ್ನುತ್ತಾಳೆ. ಗುಡಿಯ ಪದ್ಧತಿಯ ವಿಷಯದಲ್ಲಿ ಮಾತ್ರ ಅವಳ ಹತ್ತಿರ ತಮಾಷೆ ನಡೆಯದು. ಹರಕೆ ಹೊತ್ತವರು ಅಲ್ಲಿಂದ ಒಂದು ಮಣ್ಣಿನ ನರಿಯನ್ನು ಮನೆಗೆ ಒಯ್ಯುತ್ತಾರೆ. ಬೇಡಿದ್ದು ಕೈಗೂಡಿದ ಮೇಲೆ ಅದಕ್ಕೆ ಜೊತೆಯಾಗಿ ಇನ್ನೊಂದು ನರಿ ಕೊಂಡು, ಎರಡನ್ನೂ ತಂದೊಪ್ಪಿಸುತ್ತಾರೆ.

ಆ ಚಳಿಗಾಲದ ಬಿರುಗಾಳಿಯಲ್ಲಿ ಉಳಿದ ದೋಣಿಗಳೆಲ್ಲ ಮರಳಿದವು, ಮೀನುಗಾರ ಗೆನ್ಸಾಕುವಿನದು ಬರಲಿಲ್ಲ. ಅವನ ಹೆಂಡತಿ ಮಿತ್ಸುಯೊ, ಬೆಟ್ಟದಾಚೆಯಿಂದ ಬಂದ ಹೊಸ ಸೊಸೆ, ಅಂದೇ ಒಂದು ನರಿಯನ್ನು ಒಯ್ದಳು. ದಿನಗಳು ಕಳೆದವು. ಹುಡುಕಾಟ ನಿಂತಿತು. ಕೊನೆಗೆ ಮಾವ, ಹೆಣ ಸಿಗದಿದ್ದರೂ ಕರ್ಮ ಮುಗಿಸಿಬಿಡೋಣ ಎಂದು ಬೌದ್ಧ ಪುರೋಹಿತರಿಗೆ ಹೇಳಿಕಳಿಸಿದ.

ಮಧ್ಯಾಹ್ನ ಮಿತ್ಸುಯೊ ಗುಡಿಗೆ ಬಂದಳು. ಮೆಟ್ಟಿಲ ಮೇಲಿನ ಹಿಮ ಗೋರುತ್ತಿದ್ದ ನಾನು ಅವಳ ಕೈ ನೋಡಿದೆ. ಒಂದೇ ನರಿ.

"ತಗೊಳ್ಳಿ ಅಜ್ಜಿ. ಇದರಿಂದ ಏನೂ ಆಗ್ಲಿಲ್ಲ."

ತೊಮೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ಒಂಟಿ ನರೀನ ನಾನು ತಗೊಳ್ಳಲ್ಲ."

ನನಗೆ ಮುದುಕಿಯ ಮೇಲೆ ಸಿಟ್ಟು ಉಕ್ಕಿತು. ಬೆಂದು ಹೋದ ಹುಡುಗಿಗೂ ನಿಯಮವೇ? ಮಿತ್ಸುಯೊ ನರಿಯನ್ನು ಕಲ್ಲಿಗೆ ಅಪ್ಪಳಿಸಲು ಎತ್ತಿದಳು. ತೊಮೆ ಅಲುಗಲಿಲ್ಲ.

"ಒಡಿ. ನಾಳೆ ಅವನು ಬಂದು, ನನ್ನ ಕೈಬಿಟ್ಟೆಯಾ ಅಂದ್ರೆ ಏನ್ ಹೇಳ್ತೀಯ?"

ಮಿತ್ಸುಯೊ ಎತ್ತಿದ ಕೈಯನ್ನು ಇಳಿಸಿದಳು. ಆಮೇಲೆ ಅವಳು ನರಿಯನ್ನು ಮಡಿಲಲ್ಲಿ ಸುತ್ತಿಕೊಂಡು ಮನೆಗೆ ಹೋದಳು. ಬಂದ ಪುರೋಹಿತರನ್ನು ಬಾಗಿಲಿಂದಲೇ ಹಿಂದೆ ಕಳಿಸಿದಳಂತೆ. ಮಾವ ಕೂಗಾಡಿದ್ದು ಬೀದಿಗೆಲ್ಲ ಕೇಳಿಸಿತು.

ಎರಡು ದಿನ ಬಿಟ್ಟು ಗೆನ್ಸಾಕು ಬಂದ. ಎಂಜಿನ್ ಕೆಟ್ಟು ಯಾವುದೋ ನಡುಗಡ್ಡೆಯಲ್ಲಿ ಹಸಿಮೀನು ತಿಂದು ಜೀವ ಹಿಡಿದಿದ್ದನಂತೆ.

ಮಿತ್ಸುಯೊ ಎರಡು ನರಿ ತಂದಳು. ತೊಮೆ ಎರಡೂ ಕೈ ಚಾಚಿ ತೆಗೆದುಕೊಂಡು, ನಮ್ಮಿಬ್ಬರನ್ನೂ ಅಡುಗೆಮನೆಗೆ ಚಹಾಕ್ಕೆ ಕರೆದಳು. ಅಲ್ಲಿ ಒಲೆಯ ಮೇಲಿನ ಹಲಗೆಯಲ್ಲಿ, ಹೊಗೆ ಹಿಡಿದು ಕಪ್ಪಾದ ಒಂದು ನರಿ ಇತ್ತು. ಮುಂದೆ ಅಂದಿನ ತೋಫು. ಊರಿಗೆಲ್ಲ ಗೊತ್ತು, ನಾನು ಹುಟ್ಟುವ ಮೊದಲೇ ಕಡಲಿಗೆ ಹೋದ ಗಂಡನಿಗಾಗಿ ತೊಮೆ ತಂದಿಟ್ಟದ್ದು. ಮಿತ್ಸುಯೊಗೆ ಗೊತ್ತಿರಲಿಲ್ಲ.

"ಇದನ್ನ ಯಾಕಜ್ಜಿ ಗುಡಿಗೆ ಒಪ್ಪಿಸಿಲ್ಲ?"

ತೊಮೆ ಚಹಾ ಬಗ್ಗಿಸುತ್ತಲೇ ಹೇಳಿದಳು. "ಅವರಿನ್ನೂ ಬಂದಿಲ್ವಲ್ಲ."